ಸಮ-ಬೆಸ ನಮ್ಮೂರಿಗೆ ಬಂದರೆ

ನಂತೂರು ಸರ್ಕಲ್‌ನಲ್ಲಿ ಗಾಡಿ ನಿಂತಾಗಲೆಲ್ಲ ನನ್ನ ಗೆಳೆಯನದು ಒಂದೇ ಮಾತು: ‘ಮಂಗಳೂರಿಗೂ ದೆಹಲಿಯ ಹಾಗೆ ಸಮ-ಬೆಸ ಬರಬೇಕು ಮಾರಾಯ.’

ಕೇಳಲು ಚೆನ್ನಾಗಿದೆ. 2016ರ ಜನವರಿಯಲ್ಲಿ ದೆಹಲಿ 15 ದಿನ ಇದನ್ನು ಮಾಡಿತು. ಬೆಸ ತಾರೀಕಿಗೆ ಬೆಸ ನಂಬರಿನ ಕಾರು, ಸಮ ತಾರೀಕಿಗೆ ಸಮ. ತಪ್ಪಿದರೆ 2000 ರೂಪಾಯಿ ದಂಡ. ಆದರೆ ಬೈಕು, ಸ್ಕೂಟರಿಗೆ ವಿನಾಯಿತಿ. ಅದೇ ನಿಯಮ ಇಲ್ಲಿಗೆ ಬಂದರೆ ಬೈಕು, ಸ್ಕೂಟರೇ ತುಂಬಿದ ಹಂಪನಕಟ್ಟೆಯಲ್ಲಿ ದಟ್ಟಣೆ ಏನು ಕಡಿಮೆಯಾಗುತ್ತದೆ ಹೇಳಿ!

ಮೆಕ್ಸಿಕೊ ಸಿಟಿಯ ಕಥೆ ಇನ್ನೂ ಮಜಾ. 1989ರಿಂದ ಅಲ್ಲಿ ಪ್ಲೇಟಿನ ಕೊನೆಯ ಅಂಕಿ ನೋಡಿ ವಾರಕ್ಕೊಂದು ದಿನ ಕಾರು ಮನೆಯಲ್ಲೇ ಇರಬೇಕೆಂದು ನಿಯಮ ಬಂತು. ಕೆಲವರು ಸುಮ್ನೆ ಕೂರಲಿಲ್ಲ. ಬೇರೆ ನಂಬರಿನ ಇನ್ನೊಂದು ಕಾರು ತಗೊಂಡರು. ಅದೂ ಹೊಗೆ ಜಾಸ್ತಿ ಉಗುಳುವ ಹಳೇ ಕಾರು.

ನಮ್ಮವರು ಬಿಡ್ತಾರಾ? ಫ್ಯಾನ್ಸಿ ನಂಬರಿಗೆ ಲಕ್ಷ ಸುರಿಯುವ ಜನ ನಾವು. ಅಂಗಳದಲ್ಲಿ ಎರಡು ಕಾರು. ಒಂದು ಸಮ, ಇನ್ನೊಂದು ಬೆಸ. ಪಾರ್ಕಿಂಗ್ ಮಾತ್ರ ರಸ್ತೆ ಮೇಲೆ!

ಕಾರು ಬಿಟ್ಟು ಬಸ್ಸು ಹತ್ತೋಣವೆಂದರೆ, ಹಗಲು ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣಕ್ಕೆ ಸಿಟಿ ಬಸ್ಸಿಗೇನೂ ಬರವಿಲ್ಲ. ರಾತ್ರಿಯದ್ದೇ ತೊಂದರೆ. ಕೊನೇ ಬಸ್ಸು ತಪ್ಪುವ ಭಯಕ್ಕೇ ಬೆಳಿಗ್ಗೆ ಕಾರು ತೆಗೆಯುವವರು ನನ್ನ ಆಫೀಸಿನಲ್ಲೇ ಎಷ್ಟೋ ಜನ ಇದ್ದಾರೆ. ಗೆಳೆಯನೂ ಅವರಲ್ಲೊಬ್ಬ.