ಮಳೆ ಬಂದರೆ ಮಲಗುವ ಲ್ಯಾನ್: ಮಹಡಿ ಕಂಪ್ಯೂಟರಿನ ರಿಪೇರಿ ಡೈರಿ

ಶನಿವಾರ, ರಾತ್ರಿ

ರೋಹಿಣಿ ಮಳೆ ಗುಡುಗು ಸಮೇತ ಬಂದು ಹೋಯಿತು. ಅದರ ಬೆನ್ನಿಗೇ ಮಹಡಿಯ ಕಂಪ್ಯೂಟರಿಗೆ ಇಂಟರ್ನೆಟ್ ಇಲ್ಲ. ಕೆಳಗೆ ಜಗಲಿಯಲ್ಲಿ ಅಮ್ಮನ ಮೊಬೈಲಿನಲ್ಲಿ ಯಕ್ಷಗಾನ ಆರಾಮಾಗಿ ಓಡುತ್ತಿದೆ. ಅಂದರೆ ವೈಫೈ ಇದೆ. ರೂಟರಿನಲ್ಲಿ ಎಲ್‌ಒಎಸ್ ಎಂಬ ಕೆಂಪು ದೀಪವೂ ಇಲ್ಲ, ಹಾಗಾಗಿ ರಸ್ತೆಯಿಂದ ಬರುವ ಫೈಬರ್ ಸರಿಯಾಗಿಯೇ ಇದೆ. ತೊಂದರೆ ರೂಟರಿನಿಂದ ಮಹಡಿಗೆ ಹೋಗುವ ದಾರಿಯಲ್ಲೋ, ಕಂಪ್ಯೂಟರಿನಲ್ಲೋ ಇರಬೇಕು.

ನಮ್ಮದು ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವಾಗ ಸಿಗುವ ಹಳೇ ಹೆಂಚಿನ ಮನೆ. ಗೋಡೆ ಜಂಬಿಟ್ಟಿಗೆಯದ್ದು, ದಪ್ಪ ಜಾಸ್ತಿ. ವೈಫೈ ಮಹಡಿ ಮುಟ್ಟುವಷ್ಟರಲ್ಲಿ ಸೋತು ಹೋಗುತ್ತದೆ. ಅದಕ್ಕೇ ಹಿಂದೆ ಒಬ್ಬರ ಕೈಲಿ ಸೂರಿನ ಕೆಳಗೆ, ಹೊರಗಿನಿಂದಲೇ ಲ್ಯಾನ್ ಕೇಬಲ್ ಎಳೆಸಿದ್ದೆವು.

ಕಮಾಂಡ್ ಪ್ರಾಂಪ್ಟ್ ತೆಗೆದು, ಕಂಪ್ಯೂಟರಿನ ಐಪಿ (ನೆಟ್‌ವರ್ಕ್ ವಿಳಾಸ) ತೋರಿಸುವ ಐಪಿಕಾನ್ಫಿಗ್ ಹೊಡೆದೆ. ಬಂದ ವಿಳಾಸ 169.254ರಿಂದ ಶುರುವಾಗುವಂಥದ್ದು. ಇದು ರೂಟರ್ ಕೊಟ್ಟ ವಿಳಾಸ ಅಲ್ಲ. ರೂಟರಿನಲ್ಲಿ ವಿಳಾಸ ಹಂಚುವ ಡಿಎಚ್‌ಸಿಪಿಯಿಂದ ಉತ್ತರ ಬರದೇ ಹೋದಾಗ ಕಂಪ್ಯೂಟರು ತನಗೆ ತಾನೇ ಇಟ್ಟುಕೊಳ್ಳುವ ವಿಳಾಸ. ನಮ್ಮ ರೂಟರ್ ಇರುವುದು 192.168.1.1ರಲ್ಲಿ. ಅದು ಕೊಟ್ಟಿದ್ದರೆ 192.168.1 ಅಂತಲೇ ಶುರುವಾಗಬೇಕಿತ್ತು. ಹಳೇ ವಿಳಾಸ ಬಿಟ್ಟು ಹೊಸದು ಕೇಳುವ ರಿಲೀಸ್, ರಿನ್ಯೂ ಎರಡೂ ಮಾಡಿದರೂ ಅದೇ ಹಾಡು.

ಡಿಎಚ್‌ಸಿಪಿಯದ್ದೇ ತಕರಾರೋ ಎಂದು ನೋಡಲು ಕೈಯಾರೆ 192.168.1.50 ಎಂದು ವಿಳಾಸ ಕೊಟ್ಟು ರೂಟರಿಗೆ ಪಿಂಗ್ ಮಾಡಿದೆ, ಅಂದರೆ ಉತ್ತರ ಕೊಡುತ್ತದಾ ಎಂದು ಸಣ್ಣ ಸಂದೇಶ ಕಳಿಸಿ ನೋಡಿದೆ. ಒಂದು ಉತ್ತರ ಬರುತ್ತದೆ, ಆಮೇಲೆ ಸಾಲಾಗಿ ಟೈಮ್‌ಔಟ್, ಮತ್ತೆ ಒಂದು ಉತ್ತರ. ಪೂರ್ತಿ ಸತ್ತಿಲ್ಲ, ಪೂರ್ತಿ ಬದುಕಿಯೂ ಇಲ್ಲ. ಇಂಥದ್ದನ್ನು ಹಿಡಿಯುವುದೇ ಕಷ್ಟ.

ಇಂಟರ್ನೆಟ್ ಕೊಟ್ಟವರಿಗೆ ಫೋನ್ ಮಾಡಿದರೆ, "ನಮ್ ಕಡೆಯಿಂದ ಎಲ್ಲ ಕ್ಲಿಯರ್ ಇದೆ ಸರ್. ಕಂಪ್ಯೂಟರ್ ಒಂದ್ಸಲ ಫಾರ್ಮ್ಯಾಟ್ ಮಾಡಿಸಿ ನೋಡಿ" ಎಂದರು. ಮೊದಲರ್ಧ ನಿಜ. ಎರಡನೇ ಅರ್ಧ ಕೇಳಿದ್ದರೆ ಭಾನುವಾರ ಇಡೀ ವಿಂಡೋಸ್ ಹಾಕುತ್ತಾ ಕೂರಬೇಕಿತ್ತು.

ಭಾನುವಾರ, ಬೆಳಿಗ್ಗೆ

ಬಿಸಿಲು ಬಂದಿದೆ. ನೆಟ್ ಕೂಡ ಬಂದಿದೆ! ನಾನು ಏನೂ ಮಾಡಿಲ್ಲ, ಕೈಯಾರೆ ಕೊಟ್ಟ ವಿಳಾಸ ತೆಗೆದು ಮೊದಲಿನಂತೆ ಮಾಡಿದ್ದು ಬಿಟ್ಟರೆ. ಖುಷಿ ಪಡುವ ಮೊದಲು ಅಡಾಪ್ಟರಿನ ಸ್ಟೇಟಸ್ ನೋಡಿದೆ. ಸ್ಪೀಡ್ 100 ಎಂಬಿಪಿಎಸ್ ಅಂತಿದೆ. ಮೊದಲು 1 ಜಿಬಿಪಿಎಸ್ (ಗಿಗಾಬಿಟ್), ಅಂದರೆ 1000 ಎಂಬಿಪಿಎಸ್ ಇರುತ್ತಿತ್ತು. ಇವತ್ತು ಸಿಕ್ಕ ದೊಡ್ಡ ಸುಳಿವು ಇದೇ.

ಲ್ಯಾನ್ ಕೇಬಲಿನೊಳಗೆ ಎಂಟು ತಂತಿ, ನಾಲ್ಕು ಜೋಡಿ. 100 ಎಂಬಿಪಿಎಸ್‌ಗೆ ಎರಡು ಜೋಡಿ ಸಾಕು: 1, 2, 3 ಮತ್ತು 6ನೇ ತಂತಿ. ಗಿಗಾಬಿಟ್‌ಗೆ ನಾಲ್ಕೂ ಜೋಡಿ ಬೇಕು. ಯಾವುದೋ ಜೋಡಿ ಕೈಕೊಟ್ಟರೆ ಈಗಿನ ಎಷ್ಟೋ ಕಾರ್ಡುಗಳು ತಾವಾಗಿಯೇ 100ಕ್ಕೆ ಇಳಿದುಬಿಡುತ್ತವೆ. ನಮ್ಮ ಇಂಟರ್ನೆಟ್ ಪ್ಲಾನ್ 50 ಎಂಬಿಪಿಎಸ್. ಹಾಗಾಗಿ 1000 ಹೋಗಿ 100 ಆದರೆ ಬ್ರೌಸ್ ಮಾಡುವವರಿಗೆ ಗೊತ್ತೇ ಆಗುವುದಿಲ್ಲ. ಈ ಕೇಬಲ್ ಎಂದಿನಿಂದ ಕುಂಟುತ್ತಿತ್ತೋ ಯಾರಿಗೆ ಗೊತ್ತು.

ಸಿಡಿಲಿಗೆ ಪೋರ್ಟ್ ಸುಟ್ಟಿರಬಹುದಾ ಎಂಬ ಭಯ ರಾತ್ರಿ ಇತ್ತು. ಬೆಳಿಗ್ಗೆ ಅದು ಅರ್ಧ ಇಳಿಯಿತು. ಸುಟ್ಟ ಪೋರ್ಟ್ ಬಿಸಿಲು ಬಂತು ಅಂತ ಎದ್ದು ಕೂರುವುದಿಲ್ಲ ಅಲ್ವಾ.

ಲ್ಯಾನ್ ಕಾರ್ಡನ್ನು ನಡೆಸುವ ಸಾಫ್ಟ್‌ವೇರ್ ಆದ ಡ್ರೈವರ್ ಮೇಲೂ ಸಂಶಯ ಇಟ್ಟುಕೊಳ್ಳಬೇಕಿತ್ತು. ಅದಕ್ಕೆ ಡ್ರೈವರ್ ತೆಗೆದು ಹಾಕುವ ಗೋಜಿಗೆ ಹೋಗಲಿಲ್ಲ. ಪೆನ್‌ಡ್ರೈವಿನಲ್ಲಿ ವಿಂಡೋಸ್ ಬದಲಿಗೆ ಓಡಿಸಬಹುದಾದ ಉಬುಂಟು ಇತ್ತು, ಅದರಿಂದಲೇ ಬೂಟ್ ಮಾಡಿದೆ. ಅಲ್ಲಿ ಡ್ರೈವರೇ ಬೇರೆ. ಸ್ಪೀಡ್ ಮಾತ್ರ ಅಲ್ಲೂ 100. ಮಧ್ಯಾಹ್ನ ಮೋಡ ಕಟ್ಟಿ ಹನಿ ಬಿದ್ದ ಮೇಲೆ ಡಿಮೆಸೇಜ್ ಎಂಬ ಸಿಸ್ಟಮ್ ದಾಖಲೆ ತೆಗೆದು ನೋಡಿದರೆ ಲಿಂಕ್ ಡೌನ್, ಲಿಂಕ್ ಅಪ್, ಲಿಂಕ್ ಡೌನ್ ಎಂದು ಪುಟಗಟ್ಟಲೆ. ವಿಂಡೋಸ್ ಪಾಪ ನಿರಪರಾಧಿ.

ಭಾನುವಾರ, ಮಧ್ಯಾಹ್ನದ ಮೇಲೆ

ಸಿಪಿಯು ಪೆಟ್ಟಿಗೆ ಹೊತ್ತುಕೊಂಡು ಕೆಳಗೆ ಬಂದು ಜಗಲಿಯಲ್ಲಿ, ರೂಟರಿನ ಪಕ್ಕದಲ್ಲೇ ಇಟ್ಟೆ. ಟಿವಿಯೇ ಮಾನಿಟರ್. "ಓಡಾಡೋ ದಾರೀಲಿ ಇದೆಂಥದೋ ಇದು" ಎಂದರು ಅಮ್ಮ. ರೂಟರಿನ ಜೊತೆ ಬಂದಿದ್ದ ಗೇಣುದ್ದದ ಕೇಬಲ್ ಹಾಕಿದ ತಕ್ಷಣ 1 ಜಿಬಿಪಿಎಸ್, ಐಪಿಯೂ ಬಂತು. ಹೊರಗೆ ಮಳೆ ಹೊಡೆಯುತ್ತಲೇ ಇತ್ತು. ಅಲ್ಲಿಗೆ ಕಂಪ್ಯೂಟರಿನ ಪೋರ್ಟ್, ರೂಟರಿನ ಪೋರ್ಟ್ ಎರಡೂ ಪಾಸು. ಉಳಿದಿದ್ದು ಸೂರಿನ ಕೇಬಲ್ ಒಂದೇ.

ವೈರಿಂಗ್ ಕೆಲಸ ಮಾಡುವ ಭಾವನ ಹತ್ತಿರ ಲ್ಯಾನ್ ಟೆಸ್ಟರ್ ಇದೆ. ನಾಳೆ ತರುತ್ತಾರಂತೆ.

ಸೋಮವಾರ

ಬೆಳಿಗ್ಗೆ ಮಳೆ ಬಿಟ್ಟಿತ್ತು. ಟೆಸ್ಟರಿನ ಒಂದು ತುಂಡು ಮೇಲೆ, ಇನ್ನೊಂದು ಕೆಳಗೆ ಹಾಕಿದೆವು. ದೀಪ ಒಂದರಿಂದ ಎಂಟರವರೆಗೆ ಸಾಲಾಗಿ ಹತ್ತಿತು. "ಕೇಬಲ್ ಸರಿ ಇದೆಯಲ್ಲ ಮಾರಾಯ" ಎಂದರು ಭಾವ.

ಇಲ್ಲೇ ಬಹಳ ಜನ ದಾರಿ ತಪ್ಪುವುದು. ಈ ಅಗ್ಗದ ಟೆಸ್ಟರ್ ನೋಡುವುದು ತಂತಿ ಈ ತುದಿಯಿಂದ ಆ ತುದಿವರೆಗೆ ತುಂಡಾಗದೆ ಇದೆಯಾ, ಸರಿಯಾದ ಪಿನ್ನಿಗೇ ಹೋಗಿದೆಯಾ ಎಂಬುದನ್ನು ಮಾತ್ರ. ಗಿಗಾಬಿಟ್ ಸಿಗ್ನಲ್ ಪ್ರತಿ ಜೋಡಿಯಲ್ಲೂ ಸೆಕೆಂಡಿಗೆ 12.5 ಕೋಟಿ ಸಲ ಬದಲಾಗುತ್ತದೆ. ಅಷ್ಟು ವೇಗದಲ್ಲಿ ತಂತಿ ಇದ್ದರೆ ಸಾಲದು, ಜೋಡಿಯ ಇಂಪೀಡೆನ್ಸ್ (ಸಿಗ್ನಲಿಗೆ ಅದು ಒಡ್ಡುವ ತಡೆ) 100 ಓಮ್ ಆಸುಪಾಸಿನಲ್ಲೇ ಇರಬೇಕು. ಈ ತಡೆ ತಂತಿಗಳ ನಡುವಿನ ವಸ್ತುವಿನ ಡೈಎಲೆಕ್ಟ್ರಿಕ್ ಮೌಲ್ಯವನ್ನು ಅವಲಂಬಿಸಿದೆ. ಪ್ಲಾಸ್ಟಿಕ್ಕಿನದ್ದು ಎರಡು ಚಿಲ್ಲರೆ. ನೀರಿನದ್ದು 80ರ ಹತ್ತಿರ. ಕೇಬಲಿನೊಳಗೆ ನೀರು ಹೊಕ್ಕರೆ ಆ 100 ಓಮ್ ಲೆಕ್ಕವೆಲ್ಲ ಕೆಡುತ್ತದೆ, ಸಿಗ್ನಲ್ ಅಲ್ಲಲ್ಲೇ ವಾಪಸ್ ಬರುತ್ತದೆ, ಸೊರಗುತ್ತದೆ. ಟೆಸ್ಟರಿನ ದೀಪಕ್ಕೆ ಇದ್ಯಾವುದೂ ಕಾಣುವುದಿಲ್ಲ. ವರ್ಷಕ್ಕೆ ಸರಾಸರಿ 7,000 ಮಿ.ಮೀ. ದಾಟಿ ಮಳೆ ಬೀಳುವ ಆಗುಂಬೆಯ ಮಗ್ಗುಲಲ್ಲಿ ಮನೆ ಇಟ್ಟುಕೊಂಡು ನೀರಿನ ಮೇಲೆ ಅನುಮಾನ ಪಡದಿದ್ದರೆ ಹೇಗೆ?

ಏಣಿ ಹಾಕಿ ಕೇಬಲ್ ಹಿಡಿದುಕೊಂಡೇ ಹೋದೆವು. ಮೂಲೆಯಲ್ಲಿ, ಪಕಾಸಿಯ ತುದಿ ಮರೆಯಲ್ಲಿ ಸಿಕ್ಕಿತು ನೋಡಿ. ಕೇಬಲ್ ಉದ್ದ ಸಾಲದೆ ಎರಡು ತುಂಡು ಸೇರಿಸಿದ್ದಾರೆ. ನಡುವೆ ಒಂದು ಪ್ಲಾಸ್ಟಿಕ್ ಕಪ್ಲರ್. ಅದಕ್ಕೆ ಸುತ್ತಿದ್ದ ಇನ್ಸುಲೇಷನ್ ಟೇಪ್ ಸಡಿಲಾಗಿ ಜೋತುಬಿದ್ದಿದೆ. ಬಿಚ್ಚಿದರೆ ಒಳಗಿಂದ ಮೊದಲು ಬಂದದ್ದು ಇರುವೆ, ಮೊಟ್ಟೆ ಸಮೇತ. ಆಮೇಲೆ ನೀರು. ಪಿನ್ನುಗಳ ಮೇಲೆ ಹಸಿರು ಕಿಲುಬು ಕಟ್ಟಿತ್ತು.

ಕಪ್ಲರ್ ಒಂದನ್ನೇ ಬದಲಿಸಿದರೆ ಆಗುತ್ತಿತ್ತೇನೋ. ಆದರೆ ಕೇಬಲಿನ ತುದಿಯಿಂದ ಒಂದು ಅಡಿ ಒಳಗೆ ಸಿಪ್ಪೆ ಸೀಳಿದರೆ ಅಲ್ಲೂ ಪಸೆ. ತಂತಿಗಳ ಸಂದಿನಲ್ಲಿ ನೀರು ತಾನಾಗಿಯೇ ಏರಿಕೊಂಡು ಹೋಗುತ್ತದೆ. ತಂತಿಯನ್ನು ಬ್ಲೇಡಿನಲ್ಲಿ ಕೆರೆದು ನೋಡಿದೆ. ಮೇಲೆ ತಾಮ್ರದ ಬಣ್ಣ, ಒಳಗೆ ಬೆಳ್ಳಗೆ. ತಾಮ್ರದ ಲೇಪ ಹಾಕಿದ ಅಲ್ಯುಮಿನಿಯಂ. ಒಳಾಂಗಣದ ಬೂದು ಕೇಬಲ್ ಬೇರೆ. ಅದನ್ನು ಮಲೆನಾಡಿನ ಸೂರಿಗೆ ಕಟ್ಟಿದವರಿಗೆ ಏನು ಹೇಳೋಣ.

ಗುರುವಾರ

ಶಿವಮೊಗ್ಗದಲ್ಲಿ ಬೇರೆ ಕೆಲಸವಿತ್ತು. ದುರ್ಗಿಗುಡಿ ಕಡೆ ಹೋಗಿ ಹೊರಗೆ ಹಾಕುವ ಕಪ್ಪು ಕ್ಯಾಟ್ 6 ಕೇಬಲ್ ತಂದೆ, ಅಪ್ಪಟ ತಾಮ್ರದ್ದು. ಅಂಗಡಿಯವರು ಶೀಲ್ಡ್ (ಒಳಗೆ ಲೋಹದ ಹೊದಿಕೆ) ಇರುವುದನ್ನೂ ತೋರಿಸಿದರು. ಬೇಡ ಎಂದೆ. ಶೀಲ್ಡ್ ಇದ್ದರೆ ಅರ್ಥಿಂಗ್ ಸರಿ ಇರಬೇಕು, ನಮ್ಮ ಹಳೇ ಮನೆಯ ಅರ್ಥಿಂಗ್ ಮೇಲೆ ನನಗೆ ಅಷ್ಟು ನಂಬಿಕೆ ಇಲ್ಲ.

ಶನಿವಾರ

ಕೇಬಲ್ ಎಳೆದಾಯಿತು. ಮಧ್ಯೆ ಒಂದೂ ಜೋಡಣೆ ಇಲ್ಲ, ರೂಟರಿನಿಂದ ಮಹಡಿವರೆಗೆ ಒಂದೇ ತುಂಡು. ಗೋಡೆಯ ತೂತಿಗೆ ನೇರ ತೂರಿಸುವ ಬದಲು ತೂತಿನಿಂದ ಕೆಳಗೆ ಒಂದು ಡೊಂಕು ಬಿಟ್ಟು, ಮತ್ತೆ ಮೇಲೆ ತಿರುಗಿಸಿ ಒಳಗೆ ಹಾಕಿದೆವು. ಇದು ಭಾವನ ಹಟ. "ಹೆಂಚಿನ ನೀರು ವೈರ್ ಹಿಡ್ಕೊಂಡೇ ಮನೆಯೊಳಗೆ ಬರುತ್ತೆ. ಡೊಂಕಿದ್ರೆ ಅಲ್ಲೇ ತೊಟ್ಟಿಕ್ಕಿ ಹೋಗುತ್ತೆ" ಎಂದರು. ತೂತನ್ನೂ ಹೊರಗಿನಿಂದ ಒಳಕ್ಕೆ ಸ್ವಲ್ಪ ಮೇಲ್ಮುಖವಾಗಿಯೇ ಕೊರೆದರು.

ತುದಿಗೆ ಪ್ಲಗ್ ಕೂರಿಸುವ ಕ್ರಿಂಪಿಂಗ್ ನಾನೇ ಮಾಡಿದೆ. ಎರಡೂ ತುದಿಗೆ ಒಂದೇ ಕ್ರಮ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಹಸಿರು ಜೋಡಿ ನೀಲಿಯನ್ನು ದಾಟಿಕೊಂಡು ಹೋಗುವುದು ವಿಚಿತ್ರ ಅನ್ನಿಸುತ್ತದೆ, ಆದರೆ ಹಾಗೇ ಇರಬೇಕು. 3 ಮತ್ತು 6 ಒಂದೇ ಜೋಡಿ. ಬಣ್ಣ ಬಣ್ಣದ ಪಕ್ಕ ಚಂದ ಕಾಣಲಿ ಎಂದು ನೇರ ಜೋಡಿಸಿದರೆ ಟೆಸ್ಟರಿನಲ್ಲಿ ಎಂಟೂ ದೀಪ ಹತ್ತುತ್ತವೆ, ನೆಟ್ ಮಾತ್ರ ಒದ್ದಾಡುತ್ತದೆ. ಜೋಡಿಯ ಹುರಿಯನ್ನು ಅರ್ಧ ಇಂಚಿಗಿಂತ ಜಾಸ್ತಿ ಬಿಡಿಸಲೂಬಾರದು.

ಹಾಕಿದ ಕೂಡಲೇ 1 ಜಿಬಿಪಿಎಸ್. ಕೆಳಗೆ ಲ್ಯಾಪ್‌ಟಾಪ್ ಇಟ್ಟು ವೇಗ ಅಳೆಯುವ ಐಪರ್ಫ್ ಓಡಿಸಿದರೆ 940 ಎಂಬಿಪಿಎಸ್ ಹತ್ತಿರ ಬರುತ್ತಿದೆ. ಗಿಗಾಬಿಟ್ ಲಿಂಕಿನಿಂದ ಅದಕ್ಕಿಂತ ಹೆಚ್ಚು ಕೇಳುವ ಹಾಗಿಲ್ಲ.

ಆರಿದ್ರಾ ಮಳೆ ಶುರುವಾದ ಮೇಲೆ

ಹಗಲು ರಾತ್ರಿ ಹೊಯ್ಯುತ್ತಿದೆ. ಕರೆಂಟ್ ಹೋಗಿ ಬಂದು ಮಾಡುತ್ತಿದೆ, ಲಿಂಕ್ ಒಮ್ಮೆಯೂ ಬಿದ್ದಿಲ್ಲ. ರಾತ್ರಿಯಿಡೀ ಪಿಂಗ್ ಬಿಟ್ಟು ಮಲಗಿದ್ದೆ, ಒಂದೂ ಪ್ಯಾಕೆಟ್ ಕಳೆದಿಲ್ಲ.

ಬಾಕಿ ಇರುವುದು ಗುಡುಗಿನ ವಿಚಾರ. ರಸ್ತೆಯಿಂದ ಬರುವ ಫೈಬರಿನ ಗಾಜಿನ ಎಳೆಯಲ್ಲಿ ಕರೆಂಟ್ ಹರಿಯುವುದಿಲ್ಲ. ಆದರೆ ಸೂರಿನ ಕೆಳಗಿನ ಈ ಕೇಬಲ್ ತಾಮ್ರದ್ದು. ಹತ್ತಿರದಲ್ಲಿ ಸಿಡಿಲು ಬಡಿದರೆ ಅದರಲ್ಲಿ ವೋಲ್ಟೇಜ್ ಏಳುತ್ತದೆ. ಲ್ಯಾನ್ ಪೋರ್ಟಿನೊಳಗಿನ ಪುಟ್ಟ ಟ್ರಾನ್ಸ್‌ಫಾರ್ಮರ್ ತಡೆಯುವುದು ಸಾಮಾನ್ಯವಾಗಿ 1,500 ವೋಲ್ಟ್. ಸಿಡಿಲಿಗೆ ಅದು ಲೆಕ್ಕಕ್ಕೇ ಇಲ್ಲ. ಜನ ಪ್ಲಗ್ ಮಾತ್ರ ಕಿತ್ತು ಲ್ಯಾನ್ ಹಾಗೇ ಬಿಡುತ್ತಾರೆ. ನಮ್ಮ ಮನೆಯಲ್ಲಿ ಈಗ ಗುಡುಗು ಕೇಳಿದರೆ ಎರಡೂ ತುದಿ ಕೀಳುವ ಪದ್ಧತಿ, ಕೆಳಗಿನ ತುದಿ ಅಮ್ಮನ ಪಾಲಿಗೆ. ದೀಪಾವಳಿ ಆದ ಮೇಲೆ ಮಹಡಿಗೂ ಫೈಬರ್ ಎಳೆದು ಎರಡು ಕಡೆ ಫೈಬರಿನ ಬೆಳಕನ್ನು ಲ್ಯಾನ್ ಸಿಗ್ನಲ್ ಮಾಡುವ ಮೀಡಿಯಾ ಕನ್ವರ್ಟರ್ ಹಾಕುವ ಆಲೋಚನೆ ಇದೆ. ಖರ್ಚು ಎಷ್ಟು ಬೀಳುತ್ತದೆ ಎಂದು ಭಾವ ವಿಚಾರಿಸುತ್ತಿದ್ದಾರೆ.