ನನ್ನ ಮತ ಗೋಲ್‌ಕೀಪರ್‌ಗೆ

ನಿನ್ನೆ ರಾತ್ರಿ ಗೆಳೆಯರ ಜೊತೆ ಮತ್ತೆ ಅದೇ ವಾದ. ಈ ಸೀಸನ್‌ನಲ್ಲಿ ನಮ್ಮ ಫುಟ್‌ಬಾಲ್ ತಂಡದ ಅತ್ಯುತ್ತಮ ಆಟಗಾರ ಯಾರು? ಎಲ್ಲರೂ ಸ್ಟ್ರೈಕರ್ ಹೆಸರು ಹೇಳಿದರು. ನಾನು ಗೋಲ್‌ಕೀಪರ್ ಅಂದೆ. ಪಟ್ಟು ಬಿಡಲಿಲ್ಲ.

ಈ ಸಲ ನಾವು ಗೆದ್ದಿದ್ದಕ್ಕಿಂತ ಸೋತಿದ್ದೇ ಜಾಸ್ತಿ. ಆದರೂ ಕೆಳಗಿನ ಡಿವಿಷನ್‌ಗೆ ಜಾರಲಿಲ್ಲ. ಎಷ್ಟೋ ಪಂದ್ಯಗಳಲ್ಲಿ ಕೊನೆಯ ಹತ್ತು ನಿಮಿಷ ನಮ್ಮನ್ನು ಕಾಪಾಡಿದ್ದು ಅವನೊಬ್ಬನೇ. ಸ್ಟ್ರೈಕರ್ ಚೆನ್ನಾಗಿ ಆಡಿದ, ಇಲ್ಲ ಅನ್ನಲ್ಲ. ಆದರೆ ಅವನ ಗೋಲುಗಳಲ್ಲಿ ಅರ್ಧ ಪೆನಾಲ್ಟಿ, ಅಲ್ವಾ?

ದೊಡ್ಡ ಪ್ರಶಸ್ತಿಗಳಲ್ಲೂ ಇದೇ ಕಥೆ. ವರ್ಷದ ಅತ್ಯುತ್ತಮ ಫುಟ್‌ಬಾಲ್ ಆಟಗಾರನಿಗೆ ಕೊಡುವ ಬ್ಯಾಲನ್ ಡಿ'ಓರ್ ಶುರುವಾಗಿದ್ದು 1956ರಲ್ಲಿ. ಪುರುಷರಲ್ಲಿ ಅದನ್ನು ಗೆದ್ದ ಗೋಲ್‌ಕೀಪರ್ ಒಬ್ಬರೇ, 1963ರಲ್ಲಿ ಸೋವಿಯತ್ ಒಕ್ಕೂಟದ ಲೆವ್ ಯಾಶಿನ್. 2006ರಲ್ಲಿ ಇಟಲಿ ವಿಶ್ವಕಪ್ ಗೆದ್ದಾಗ ಅವರ ಗೋಲ್‌ಕೀಪರ್ ಬುಫಾನ್ ಎಂಥ ಆಟ ಆಡಿದ್ದರು! ಆದರೂ ಎರಡನೇ ಸ್ಥಾನ. ಪ್ರಶಸ್ತಿ ಅದೇ ತಂಡದ ಡಿಫೆಂಡರ್ ಕನ್ನವಾರೋ ಪಾಲಾಯಿತು. ಡಿಫೆಂಡರ್‌ಗೆ ಸಿಗುವುದೂ ಅಪರೂಪವೇ, ಅದಕ್ಕೆ ಆ ವರ್ಷದ ಮೇಲೆ ನನಗೆ ಪೂರ್ತಿ ಬೇಜಾರಿಲ್ಲ. 2019ರಿಂದ ಗೋಲ್‌ಕೀಪರ್‌ಗಳಿಗೆ ಅಂತಲೇ ಯಾಶಿನ್ ಟ್ರೋಫಿ ಬಂದಿದೆ. ಒಳ್ಳೆಯದೇ. ಆದರೆ ಬೇರೆ ಎಲೆ ಹಾಕಿ ಕೂರಿಸಿದ ಹಾಗೆ ಅನ್ನಿಸುತ್ತದೆ.

2024ರಲ್ಲಿ ಬ್ಯಾಲನ್ ಡಿ'ಓರ್ ಅನ್ನು ಮಿಡ್‌ಫೀಲ್ಡರ್ ರೋಡ್ರಿ ಗೆದ್ದಾಗ ತುಂಬಾ ಖುಷಿಪಟ್ಟಿದ್ದೆ. ಫಾರ್ವರ್ಡ್ ಆಟಗಾರ ವಿನಿಸಿಯಸ್‌ಗೆ ಸಿಗಬೇಕಿತ್ತು ಎಂದು ಆಗಲೂ ಇದೇ ಗೆಳೆಯರು ಜಗಳ ಆಡಿದ್ದರು.

ನಿನ್ನೆ ಕೊನೆಗೆ ಒಬ್ಬ ಮೆತ್ತಗಾದ. "ಆ ಕೊನೇ ಪಂದ್ಯದ ಸೇವ್ ಇನ್ನೊಂದ್ಸಲ ಹಾಕು" ಅಂದ. ಮೂರು ಸಲ ನೋಡಿದೆವು. ಯಾರೂ ಮಾತಾಡಲಿಲ್ಲ.