ಚರ್ಚಿಲ್‌ಗೆ ವಿಮಾನದಲ್ಲಿ ಹೋಗೋರು ಒಂದು ದಿನ ಎಕ್ಸ್‌ಟ್ರಾ ಇಟ್ಕೊಳ್ಳಿ

ಕಳೆದ ನವೆಂಬರ್‌ನಲ್ಲಿ ಅಪ್ಪ ಅಮ್ಮನ್ನ ಕರ್ಕೊಂಡು ಹಿಮಕರಡಿ ನೋಡೋಕೆ ಚರ್ಚಿಲ್‌ಗೆ ಹೋಗಿದ್ವಿ. ಕೆನಡಾದ ಮ್ಯಾನಿಟೋಬಾದಲ್ಲಿ, ಹಡ್ಸನ್ ಕೊಲ್ಲಿ ದಡದಲ್ಲಿರೋ ಊರು, ಒಂಬೈನೂರು ಜನಾನೂ ಇಲ್ಲ, ಹೊರಗಿಂದ ಬರೋಕೆ ರೋಡೇ ಇಲ್ಲ. ಆ ಪ್ರಾಂತ್ಯದ ರಾಜಧಾನಿ ವಿನ್ನಿಪೆಗ್‌ನಿಂದ ವಾರಕ್ಕೆ ಎರಡು ರೈಲು ಇದೆ, ಸುಮಾರು 1,700 ಕಿಲೋಮೀಟರ್, ಎರಡು ರಾತ್ರಿ ಬೇಕು, ಯಾಕಂದ್ರೆ ವರ್ಷಪೂರ್ತಿ ಹೆಪ್ಪುಗಟ್ಟಿರೋ ನೆಲದ ಮೇಲ್ಪದರ ಬೇಸಿಗೆಲಿ ಮೆತ್ತಗಾಗಿ ಹಳಿ ಏರುಪೇರಾಗುತ್ತೆ, ಜೋರಾಗಿ ಓಡಿಸೋ ಹಾಗಿಲ್ಲ. 2017ರಲ್ಲಿ ಪ್ರವಾಹಕ್ಕೆ ಹಳಿ ಕೊಚ್ಚಿಹೋಗಿ ಒಂದು ವರ್ಷಕ್ಕೂ ಜಾಸ್ತಿ ರೈಲೇ ಇರ್ಲಿಲ್ಲವಂತೆ. ಅಪ್ಪಂಗೆ ಮಂಡಿನೋವು, ಅದಕ್ಕೆ ನಾವು ವಿಮಾನನೇ ಬುಕ್ ಮಾಡಿದ್ವಿ.

ಎರಡು ಪ್ರೊಪೆಲ್ಲರ್‌ನ ಸಣ್ಣ ವಿಮಾನ, ಎರಡು ಎರಡೂವರೆ ಗಂಟೆ ಪ್ರಯಾಣ. ಮೊದಲನೇ ದಿನ ನಾವು ಇಳೀಲೇ ಇಲ್ಲ. ಕೆಳಗೆ ಬಂತು ಬಂತು, ಕಿಟಕಿ ಪೂರ್ತಿ ಬಿಳಿ, ರೆಕ್ಕೆ ತುದಿನೂ ಕಾಣ್ತಿಲ್ಲ, ಅಷ್ಟರಲ್ಲಿ ಇಂಜಿನ್ ಸದ್ದು ಒಮ್ಮೆಲೇ ಏರಿ ವಿಮಾನ ಮತ್ತೆ ಮೇಲಕ್ಕೆ ಹೋಯ್ತು, ಅಮ್ಮ ನನ್ನ ಕೈ ಗಟ್ಟಿಯಾಗಿ ಹಿಡ್ಕೊಂಡ್ರು. ಗಾಳಿಗೆ ಹಿಮ ಎದ್ದು ರನ್‌ವೇ ಕಾಣ್ತಿಲ್ಲ, ವಿನ್ನಿಪೆಗ್‌ಗೆ ವಾಪಸ್ ಅಂತ ಪೈಲಟ್ ಹೇಳಿದ್ರು. ಅವರು ಮಾಡಿದ್ದೇ ಸರಿ, ಇದು ಅಲ್ಲಿ ಆಗಾಗ ಆಗೋದೇ. ಆದ್ರೆ ಪಕ್ಕದ ಸಾಲಲ್ಲಿದ್ದ ಒಂದು ಕುಟುಂಬ ಮಾರನೇ ದಿನದ ಟಂಡ್ರಾ ಬಗ್ಗಿ (ದೊಡ್ಡ ಚಕ್ರದ ಬಸ್ಸಿನಂಥ ಗಾಡೀಲಿ ಕರಡಿ ನೋಡೋಕೆ ಕರ್ಕೊಂಡು ಹೋಗೋದು) ಟೂರ್ ಪೂರ್ತಿ ಕಳ್ಕೊಂಡ್ರು, ಅವರ ಮಕ್ಕಳ ಮುಖ ನೋಡೋಕಾಗ್ಲಿಲ್ಲ. ನಾವು ಮಧ್ಯೆ ಒಂದು ದಿನ ಖಾಲಿ ಬಿಟ್ಟಿದ್ದಕ್ಕೆ ಬಚಾವಾದ್ವಿ. ಅದಕ್ಕೇ ಹೇಳ್ತೀನಿ, ಟೂರ್‌ಗೆ ಮುಂಚೆ ಒಂದು ದಿನ, ವಾಪಸ್ ಬರೋವಾಗ ವಿನ್ನಿಪೆಗ್‌ನಲ್ಲಿ ಇನ್ನೊಂದು ದಿನ ಬಿಟ್ಕೊಳ್ಳಿ, ಇಂಡಿಯಾ ಫ್ಲೈಟ್ ಅದೇ ದಿನಕ್ಕೆ ಇಟ್ಕೊಳ್ಳಲೇಬೇಡಿ.

ಇನ್ನೊಂದು, ಅಪ್ಪನ ಬಿಪಿ ಮಾತ್ರೆ ನಾನು ದೊಡ್ಡ ಸೂಟ್‌ಕೇಸಲ್ಲಿ ಹಾಕಿಬಿಟ್ಟಿದ್ದೆ, ಆ ರಾತ್ರಿ ಸೂಟ್‌ಕೇಸ್ ನಮ್ಮ ಕೈಗೆ ಸಿಗ್ಲಿಲ್ಲ. ಔಷಧಿ, ಒಂದು ಜೊತೆ ಥರ್ಮಲ್, ಗ್ಲೌಸ್, ಕ್ಯಾಮೆರಾ ಬ್ಯಾಟರಿ ಇಷ್ಟೂ ಕೈಚೀಲದಲ್ಲೇ ಇರ್ಲಿ.

ಎರಡನೇ ದಿನ ಆಕಾಶ ತಿಳಿಯಾಗಿತ್ತು. ಉತ್ತರಕ್ಕೆ ಹೋಗ್ತಾ ಹೋಗ್ತಾ ಮರಗಳು ತೆಳುವಾಗಿ, ಗಿಡ್ಡ ಆಗಿ, ಕೊನೆಗೆ ಬರೀ ಹೆಪ್ಪುಗಟ್ಟಿದ ಕೆರೆಗಳೇ ಕಾಣ್ತವೆ. ದಯವಿಟ್ಟು ನಿದ್ದೆ ಮಾಡ್ಬೇಡಿ, ಅದನ್ನ ನೋಡಿ. ಇಷ್ಟು ಸಣ್ಣ ಊರಿಗೆ ರನ್‌ವೇ ಮಾತ್ರ ಸುಮಾರು 2,800 ಮೀಟರ್ ಉದ್ದ, ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯ ಕಟ್ಟಿದ್ದು. ಏರೋಬ್ರಿಡ್ಜ್ ಎಲ್ಲಾ ಇಲ್ಲ, ಮೆಟ್ಟಿಲಿಳಿದು ನಡ್ಕೊಂಡೇ ಟರ್ಮಿನಲ್‌ಗೆ ಹೋಗ್ಬೇಕು. ಟೋಪಿ ಗ್ಲೌಸ್ ಸೀಟಲ್ಲೇ ಹಾಕ್ಕೊಳ್ಳಿ, ಆ ಗಾಳಿಗೆ ಬಾಯಿ ಮುಚ್ಚಿದ್ದ ಮಫ್ಲರ್ ಮೇಲೆ ಉಸಿರು ಬಿಳಿ ಪುಡಿ ಥರ ಕೂತಿತ್ತು, ಒಳಗೆ ಕಾಲಿಟ್ಟ ತಕ್ಷಣ ಅಪ್ಪನ ಕನ್ನಡಕ ಮಂಜಾಗಿ ಅವರು ಅಲ್ಲೇ ನಿಂತ್ಬಿಟ್ರು. ಕ್ಯಾಮೆರಾಗೂ ಇದೇ ಕಥೆ, ಚಳಿಯಿಂದ ಒಳಗೆ ತರೋ ಮುಂಚೆ ಜಿಪ್‌ಲಾಕ್ ಕವರಲ್ಲಿ ಹಾಕಿ ಬಿಗಿಯಾಗಿ ಮುಚ್ಚಿ.

ಏರ್‌ಪೋರ್ಟ್‌ನಿಂದ ಊರು ಹತ್ರ ಅಂತ ನಡ್ಕೊಂಡು ಹೊರಡ್ಬೇಡಿ. ಅಕ್ಟೋಬರ್, ನವೆಂಬರ್‌ನಲ್ಲಿ ಕೊಲ್ಲಿ ಹೆಪ್ಪುಗಟ್ಟೋದನ್ನೇ ಕಾಯ್ತಾ ಕರಡಿಗಳು ದಡದಲ್ಲೇ ಓಡಾಡ್ತಿರ್ತವೆ, ಐಸ್ ಬಂದ್ಮೇಲೇ ಅವಕ್ಕೆ ಸೀಲ್ ಅನ್ನೋ ಸಮುದ್ರಪ್ರಾಣಿ ಬೇಟೆ. ಯಾರಾದ್ರೂ ಓಡಿಬಂದು ಹತ್ಕೊಳ್ಳಲಿ ಅಂತ ಊರವರು ಕಾರ್ ಲಾಕ್ ಮಾಡದೇ ಬಿಡ್ತಾರೆ. ಹೋಟೆಲ್ ವ್ಯಾನ್ ಮೊದಲೇ ಹೇಳಿಟ್ಟಿರಿ. ಏರ್‌ಪೋರ್ಟ್ ಹತ್ರಾನೇ 1979ರಲ್ಲಿ ಬಿದ್ದ ಹಳೇ ಸರಕು ವಿಮಾನ ಬಂಡೆ ಮೇಲೆ ಇನ್ನೂ ಇದೆ, ಯಾರೂ ಸತ್ತಿರ್ಲಿಲ್ಲ, ಅದನ್ನೂ ಗೈಡ್ ಜೊತೆಗೇ ಹೋಗಿ ನೋಡಿ.

ಸಸ್ಯಾಹಾರಿಗಳಿಗೆ ಊಟದ ಆಯ್ಕೆ ಕಮ್ಮಿ, ರೇಟೂ ಜಾಸ್ತಿ. ಅಮ್ಮ ತಂದಿದ್ದ ಗೊಜ್ಜವಲಕ್ಕಿ ಮಿಕ್ಸ್‌ಗೆ ರೂಮಿನ ಕೆಟಲ್‌ನಿಂದ ಬಿಸಿನೀರು ಹಾಕಿ ಮುಚ್ಚಿಟ್ವಿ, ಹೊರಗೆ ಮೈನಸ್ ಹದಿನೆಂಟು, ಒಳಗೆ ಹುಣಸೆಹಣ್ಣು ಇಂಗಿನ ವಾಸನೆ, ಅಪ್ಪ ಎರಡು ಸಲ ಹಾಕಿಸ್ಕೊಂಡ್ರು. ಅಂಥದ್ದು ನಾಲ್ಕು ಪ್ಯಾಕೆಟ್ ಖಂಡಿತ ತಗೊಂಡೋಗಿ.